ಕಾರ್ಬೆಟ್‌ನ ಟಾರ್ಚು

ಗಢವಾಲ ಜಿಲ್ಲೆಯಲ್ಲಿ ಆಗ ಲೈಸೆನ್ಸ್ ಇದ್ದ ಬಂದೂಕುಗಳು 4000. ಅದೂ ಸಾಲದು ಅಂತ ಸರ್ಕಾರ ಇನ್ನೂ 300ಕ್ಕಿಂತ ಹೆಚ್ಚು ವಿಶೇಷ ಲೈಸೆನ್ಸ್ ಹಂಚಿತು. ರಜೆಗೆ ಊರಿಗೆ ಹೊರಟ ಗಢವಾಲ್ ರೈಫಲ್ಸ್ ಸೈನಿಕರಿಗೆ ರೈಫಲ್ ಜೊತೆಗೇ ತಗೊಂಡು ಹೋಗಿ ಅಂತ ಹೇಳಿತು. 1878ರಲ್ಲಿ ಆರ್ಮ್ಸ್ ಆಕ್ಟ್ ತಂದು ನಮ್ಮವರ ಕೈಗೆ ಬಂದೂಕು ಸಿಗದ ಹಾಗೆ ನೋಡಿಕೊಂಡಿದ್ದ ಅದೇ ಬ್ರಿಟಿಷ್ ಸರ್ಕಾರ ಇಷ್ಟು ಧಾರಾಳ ಆಯ್ತು ಅಂದ್ರೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತು ಅಂತ ನೀವೇ ಲೆಕ್ಕ ಹಾಕಿ. ಇದರ ಮೇಲೆ ಹತ್ತು ಸಾವಿರ ರೂಪಾಯಿ ಬಹುಮಾನ, ಎರಡು ಹಳ್ಳಿ ಉಂಬಳಿ.

ಇದೆಲ್ಲ ಒಂದೇ ಒಂದು ಚಿರತೆಗಾಗಿ. 1918ರ ಜೂನ್ 9ರಂದು ಬೆಂಜಿ ಅನ್ನೋ ಹಳ್ಳಿಯಲ್ಲಿ ಅದರ ಮೊದಲ ಬಲಿ ದಾಖಲಾಯಿತು. 1926ರ ಏಪ್ರಿಲ್ 14ರಂದು ಭೈಂಸ್ವಾರಾದಲ್ಲಿ ಕೊನೆಯದು. ಸರ್ಕಾರದ ಲೆಕ್ಕದಲ್ಲಿ ಒಟ್ಟು 125 ಜನ. ಎಂಟು ವರ್ಷ ನಾಲ್ಕು ಸಾವಿರ ಬಂದೂಕು ಒಂದು ಪ್ರಾಣಿಯನ್ನು ಏನೂ ಮಾಡೋಕಾಗಲಿಲ್ಲ. ಗುರಿ ಇಡೋಕೆ ಬರುವವರು ಇರಲಿಲ್ಲ ಅಂತಲ್ಲ, ಅರ್ಧ ಜಿಲ್ಲೆ ಸೈನ್ಯದಲ್ಲೇ ಇತ್ತು. ಆದ್ರೆ ಚಿರತೆ ಬರ್ತಿದ್ದದ್ದು ರಾತ್ರಿ. ರಾತ್ರಿ ಬಂದೂಕಿನ ತುದಿಯೇ ಕಾಣದಿದ್ದಾಗ ಎದುರಿಗಿರೋದು ಎಲ್ಲಿ ಕಾಣಬೇಕು? ಇಲ್ಲದಿದ್ದದ್ದು ಬೆಳಕು.

ಆ ಚಿರತೆಯನ್ನು ಕೊನೆಗೆ ಹೊಡೆದವನು ಜಿಮ್ ಕಾರ್ಬೆಟ್. ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರಿಗೆ ಈ ಕಥೆ ಗೊತ್ತೇ ಇರುತ್ತೆ. ನಾನಿಲ್ಲಿ ಅವನ ಜೀವನವನ್ನು ಸ್ವಲ್ಪ ಬೇರೆ ಕಡೆಯಿಂದ ಹೇಳೋಕೆ ಹೊರಟಿದ್ದೀನಿ. ಕಾರ್ಬೆಟ್ ಅಂದ ತಕ್ಷಣ ಎಲ್ಲರೂ ಅವನ ರೈಫಲ್ ಬಗ್ಗೆ ಮಾತಾಡ್ತಾರೆ. ಅವನ ದೀಪಗಳ ಬಗ್ಗೆ ಯಾರೂ ಮಾತಾಡಲ್ಲ. ಎಂಜಿನಿಯರಿಂಗ್ ಓದುವವರಾದರೂ ಮಾತಾಡಬೇಕಲ್ವಾ?

ಪೂರ್ತಿ ಹೆಸರು ಎಡ್ವರ್ಡ್ ಜೇಮ್ಸ್ ಕಾರ್ಬೆಟ್. ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ಅಪ್ಪ ಅಲ್ಲಿನ ಪೋಸ್ಟ್‌ಮಾಸ್ಟರ್. ಮನೆ ತುಂಬ ಮಕ್ಕಳು. ಬೇಸಿಗೆಯಲ್ಲಿ ನೈನಿತಾಲ್, ಚಳಿಗಾಲ ಬಂದರೆ ಬೆಟ್ಟ ಇಳಿದು ಕಾಲಾಢುಂಗಿಯ ಮನೆಗೆ. ಜಿಮ್‌ಗೆ ಆರು ತುಂಬುವ ಹೊತ್ತಿಗೆ ಅಪ್ಪ ತೀರಿಕೊಂಡರು. ಹುಡುಗ ಬೆಳೆದದ್ದು ಹೆಚ್ಚುಕಮ್ಮಿ ಕಾಡಿನಲ್ಲೇ. ಮೊದಲು ಕವಣೆ, ಬಿಲ್ಲು. ಆಮೇಲೆ ಒಂದು ಹಳೇ ಜೋಡುನಳಿಗೆ ಬಂದೂಕು, ನಳಿಗೆಯ ಬಾಯಿಂದಲೇ ಮದ್ದು ತುಂಬುವಂಥದ್ದು. ಅದರ ಒಂದು ನಳಿಗೆ ಸೀಳಿ ಹೋಗಿತ್ತು, ಮರದ ಹಿಡಿ ಬಿಟ್ಟುಬರದ ಹಾಗೆ ಹಿತ್ತಾಳೆ ತಂತಿ ಸುತ್ತಿ ಕಟ್ಟಲಾಗಿತ್ತು. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಅಂಥದ್ದನ್ನು ಮುಟ್ಟೋಕೂ ಬಿಡಲ್ಲ. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಹುಲಿ ಇರೋ ಕಾಡಿನಲ್ಲಿ ಒಬ್ಬನೇ ತಿರುಗಿದ. ಸಿಗೋದು ಒಂದೇ ಗುಂಡು, ಮತ್ತೆ ತುಂಬೋಕೆ ಎಷ್ಟೋ ಹೊತ್ತು. ಹಾಗಾಗಿ ಖಚಿತವಾಗಿ ಕಾಣದೆ ಹೊಡೆಯಬಾರದು ಅನ್ನೋದು ಅವನಿಗೆ ಮೊದಲೇ ಮೈಗೂಡಿತು.

ಕಾಲೇಜು ಗೀಲೇಜು ಅಂತ ಓದೋಕೆ ಮನೆಯಲ್ಲಿ ದುಡ್ಡಿರಲಿಲ್ಲ. ಹದಿನೆಂಟಕ್ಕೆಲ್ಲ ರೈಲ್ವೆ ಸೇರಿದ. ಆಮೇಲೆ ಗಂಗಾ ದಡದ ಮೊಕಾಮೆ ಘಾಟ್‌ನಲ್ಲಿ ಸರಕು ಸಾಗಣೆಯ ಕಂಟ್ರಾಕ್ಟ್ ಹಿಡಿದ. ನದಿಯ ಒಂದು ದಡದಲ್ಲಿ ಬ್ರಾಡ್ ಗೇಜ್, ಇನ್ನೊಂದು ದಡದಲ್ಲಿ ಮೀಟರ್ ಗೇಜ್. ಒಂದು ವ್ಯಾಗನ್ ಇನ್ನೊಂದು ಹಳಿ ಮೇಲೆ ಓಡಲ್ಲ. ಹಾಗಾಗಿ ಪ್ರತಿಯೊಂದು ಮೂಟೆಯನ್ನೂ, ಕಲ್ಲಿದ್ದಲಿನ ಪ್ರತಿ ಬುಟ್ಟಿಯನ್ನೂ ಮನುಷ್ಯರೇ ಹೊತ್ತು ಆಚೆಗೆ ಹಾಕಬೇಕು. ಈ ಕೆಲಸದಲ್ಲಿ ಅವನು ಇಪ್ಪತ್ತು ವರ್ಷ ಕಳೆದ, ಕೂಲಿಗಳ ಜೊತೆ ತಾನೂ ಸಲಿಕೆ ಹಿಡಿದು. ಕಾರ್ಬೆಟ್ ಅಂದ್ರೆ ಬರೀ ಶಿಕಾರಿ ದೊರೆ ಅಂದುಕೊಂಡವರು ಇದನ್ನು ಗಮನಿಸಬೇಕು. ಹುಲಿ ಬೇಟೆ ಅವನ ಉದ್ಯೋಗ ಆಗಿರಲಿಲ್ಲ, ರಜೆ ಹಾಕಿ ಬಂದು ಮಾಡ್ತಿದ್ದ ಕೆಲಸ.

1907ರಲ್ಲಿ ಚಂಪಾವತ್‌ನ ಹೆಣ್ಣು ಹುಲಿಯನ್ನು ಹೊಡೆದ. ನೇಪಾಳದಲ್ಲಿ 200, ಕುಮಾವ್‌ನಲ್ಲಿ 236, ಒಟ್ಟು 436 ಜನರನ್ನು ಕೊಂದಿದ್ದ ಹುಲಿ ಅದು. ಅವನಿಗೆ ಹೆಸರು ತಂದುಕೊಟ್ಟದ್ದು ಇದೇ. ಆದ್ರೆ ನಮ್ಮ ವಿಷಯಕ್ಕೆ ಇದು ಅಷ್ಟು ಮುಖ್ಯ ಅಲ್ಲ. ಯಾಕಂದ್ರೆ ಹುಲಿ ಹಗಲಲ್ಲೇ ಜನರನ್ನು ಹಿಡೀತಿತ್ತು, ಹಗಲಲ್ಲೇ ಸತ್ತಿತು. ನರಭಕ್ಷಕ ಹುಲಿಗೂ ನರಭಕ್ಷಕ ಚಿರತೆಗೂ ಇರೋ ವ್ಯತ್ಯಾಸವನ್ನು ಕಾರ್ಬೆಟ್ಟೇ ಮುಂದೆ ವಿವರಿಸಿ ಬರೆದ. ಹುಲಿಗೆ ಒಂದು ಸಲ ಮನುಷ್ಯನ ಭಯ ಹೋದರೆ ಪೂರ್ತಿ ಹೋಯ್ತು, ಹಗಲಲ್ಲೇ ಬರುತ್ತೆ. ಚಿರತೆ ಎಷ್ಟೇ ಜನರನ್ನು ತಿಂದರೂ ಭಯ ಬಿಡಲ್ಲ, ಕತ್ತಲಾದ ಮೇಲೇ ಬರುತ್ತೆ. ಚಿರತೆ ಹೊಡೆಯೋದು ಅದಕ್ಕೇ ಕಷ್ಟ.

ಇದು ಅವನಿಗೆ ಗೊತ್ತಾದದ್ದು 1910ರಲ್ಲಿ, ಪನಾರ್ ಚಿರತೆಯ ಬೆನ್ನು ಹತ್ತಿದಾಗ. ಅದು 400 ಜನರನ್ನು ಕೊಂದಿತ್ತು. ಕಾರ್ಬೆಟ್ ಒಂದು ಮರ ಹತ್ತಿ ಕೂತ. ಹಿಂದಿನಿಂದ ಚಿರತೆ ಹತ್ತಿ ಬರದ ಹಾಗೆ ಕಾಂಡಕ್ಕೆ ಮುಳ್ಳುಕೊಂಬೆಗಳನ್ನು ಕಟ್ಟಿಸಿದ್ದ. ಎದುರಿಗೆ ಮೇಕೆ. ಕತ್ತಲಾಯಿತು. ಚಿರತೆ ಮೇಕೆ ಹತ್ತಿರ ಹೋಗಲೇ ಇಲ್ಲ, ನೇರ ಮರದ ಕೆಳಗೆ ಬಂದು ಮುಳ್ಳುಕೊಂಬೆಗಳನ್ನು ಹಲ್ಲಲ್ಲಿ ಕಚ್ಚಿ ಎಳೆಯೋಕೆ ಶುರು ಮಾಡಿತು. ಅದು ಬೇಟೆ ಆಡ್ತಿದ್ದದ್ದು ಮೇಕೆಯನ್ನಲ್ಲ. ಕೊನೆಗೆ ಅದು ಮೇಕೆ ಮೇಲೆ ಎರಗಿದಾಗ ಕತ್ತಲಲ್ಲೇ ಹೊಡೆದ. ಗಾಯ ಆಯಿತು, ಸಾಯಲಿಲ್ಲ.

ಈಗ ಗಾಯಗೊಂಡ ಚಿರತೆ ಕತ್ತಲಲ್ಲಿ ಎಲ್ಲೋ ಇದೆ. ಹಳ್ಳಿಯವರು ಪೈನ್ ಮರದ ಸೀಳುಗಳನ್ನು ಹೊತ್ತಿಸಿ ಪಂಜು ಮಾಡಿಕೊಂಡು ಬಂದರು. ಏನೇ ಆದರೂ ಓಡಬಾರದು, ಬೆಳಕು ಹಿಡಿದು ನನ್ನ ಹಿಂದೆ ನಿಂತಿರಬೇಕು ಅಂತ ಕಾರ್ಬೆಟ್ ಅವರಿಂದ ಮಾತು ತಗೊಂಡ. ಸಾಲಾಗಿ ಹೊರಟರು, ಮುಂದೆ ಅವನು, ಹಿಂದೆ ಪಂಜುಗಳು. ಚಿರತೆ ಘರ್ಜಿಸುತ್ತಾ ನೇರ ಮೇಲೆ ಬಂತು. ಮಾತು ಕೊಟ್ಟವರೆಲ್ಲ ತಿರುಗಿ ಓಡಿದರು. ಅವರ ಜಾಗದಲ್ಲಿ ನಾನಿದ್ದಿದ್ರೆ ಎಲ್ಲರಿಗಿಂತ ಮುಂದೆ ಓಡ್ತಿದ್ದೆ, ಆ ಮಾತು ಬೇರೆ. ಆದ್ರೆ ಓಡುವ ಗಡಿಬಿಡಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕೆಲವು ಪಂಜು ನೆಲಕ್ಕೆ ಬಿದ್ದವು. ನೆಲದ ಮೇಲೆ ಉರೀತಿದ್ದ ಆ ಚೂರುಗಳ ಬೆಳಕಿನಲ್ಲಿ ಚಿರತೆಯ ಎದೆ ಕಂಡಿತು, ಅವನು ಶಾಟ್‌ಗನ್ ಹಾರಿಸಿದ. ಬದುಕಿಸಿದ್ದು ಅದೃಷ್ಟ. ಬೆಳಕು ಒಬ್ಬರ ಕೈಯಲ್ಲಿ, ಬಂದೂಕು ಇನ್ನೊಬ್ಬರ ಕೈಯಲ್ಲಿ ಇದ್ದರೆ ಏನಾಗುತ್ತೆ ಅಂತ ಕಾರ್ಬೆಟ್‌ಗೆ ಆ ರಾತ್ರಿ ಚೆನ್ನಾಗಿ ಗೊತ್ತಾಗಿರಬೇಕು.

ಮೊದಲ ಮಹಾಯುದ್ಧ ಬಂತು. ಕುಮಾವ್‌ನಿಂದ 500 ಜನರ ದಳ ಕಟ್ಟಿಕೊಂಡು 1917ರಲ್ಲಿ ಫ್ರಾನ್ಸ್‌ಗೆ ಹೋಗಿ ಬಂದ. ಆಮೇಲೆ ಹಳೇ ರೈಲ್ವೆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

1925ರಲ್ಲಿ ನೈನಿತಾಲ್‌ನ ನಾಟಕಶಾಲೆಯಲ್ಲಿ, ಇಂಟರ್ವಲ್ ಹೊತ್ತಿನಲ್ಲಿ, ರುದ್ರಪ್ರಯಾಗದ ಚಿರತೆ ಬಗ್ಗೆ ಮೊದಲ ಸಲ ಖಚಿತ ಸುದ್ದಿ ಕೇಳಿದ. ಗಢವಾಲದ ಡೆಪ್ಯುಟಿ ಕಮಿಷನರ್ ಆಗಿದ್ದ ಇಬ್ಬಟ್ಸನ್ ಅವನ ಗೆಳೆಯ. ಅವನ ಕೋರಿಕೆಯ ಮೇಲೆ ಹೊರಟ.

ರುದ್ರಪ್ರಯಾಗ ಅಂದ್ರೆ ಅಲಕನಂದಾ, ಮಂದಾಕಿನಿ ನದಿಗಳು ಕೂಡುವ ಜಾಗ. ಕೇದಾರಕ್ಕೆ ಹೋಗೋರು, ಬದರಿಗೆ ಹೋಗೋರು ಇಲ್ಲಿ ದಾರಿ ಬೇರೆ ಮಾಡಿಕೊಳ್ತಾರೆ. ನಮ್ಮ ಕಡೆಯಿಂದ ಚಾರ್‌ಧಾಮ್ ಯಾತ್ರೆಗೆ ಹೋದವರೂ ಈ ಊರು ದಾಟಿಯೇ ಇರ್ತಾರೆ. ಆಗ ಬಸ್ಸಿಲ್ಲ, ನಡಿಗೆ. ರಾತ್ರಿ ತಂಗೋಕೆ ಹುಲ್ಲಿನ ಚಾವಣಿಯ ಚಟ್ಟಿಗಳು, ಎಷ್ಟೋ ಕಡೆ ಎದುರಿಗೆ ಗೋಡೆಯೇ ಇಲ್ಲ.

ಈ ಚಿರತೆ ಮನುಷ್ಯರನ್ನು ತಿನ್ನೋಕೆ ಯಾಕೆ ಶುರು ಮಾಡಿತು ಅನ್ನೋದಕ್ಕೆ ಕಾರ್ಬೆಟ್ ಕೊಡೋ ಕಾರಣ 1918ರ ಇನ್‌ಫ್ಲುಯೆಂಜಾ. ಸಾಯೋರು ಎಷ್ಟಾದರು ಅಂದ್ರೆ ಹೆಣ ಸುಡೋಕೆ ಆಗದೆ, ಬಾಯಿಗೆ ಒಂದು ಕೆಂಡ ಇಟ್ಟು ಕಣಿವೆಗೆ ತಳ್ಳಿಬಿಡ್ತಿದ್ದರು. ಚಿರತೆ ಅಲ್ಲಿ ರುಚಿ ಕಂಡಿತು. ಸಾಂಕ್ರಾಮಿಕ ಮುಗಿದ ಮೇಲೆ ಹೆಣ ಸಿಗಲಿಲ್ಲ, ಹಾಗಾಗಿ ಮನೆಗಳಿಗೇ ಬಂತು.

ಮನೆಗಳಿಗೇ ಅಂದ್ರೆ ನಿಜವಾಗಲೂ ಮನೆಗಳಿಗೇ. ಬಾಗಿಲು ತಳ್ಳಿ, ಕಿಟಕಿ ಹಾರಿ, ಮಣ್ಣಿನ ಗೋಡೆ ಕೆರೆದು ಒಳಗೆ ಬರ್ತಿತ್ತು. ಒಂದು ಹಳ್ಳಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಅನಾಥ ಹುಡುಗ ನಲವತ್ತು ಮೇಕೆ ಕಾಯ್ತಿದ್ದ. ರಾತ್ರಿ ಮೇಕೆಗಳ ಜೊತೆಗೇ ಒಂದು ಸಣ್ಣ ಕೋಣೆಯಲ್ಲಿ ಮಲಗ್ತಿದ್ದ, ಬಾಗಿಲು ಭದ್ರ ಮಾಡಿ. ಚಿರತೆ ಬಾಗಿಲು ತೆಗೆಸಿಕೊಂಡು ಒಳಗೆ ಬಂದು, ಅಷ್ಟೂ ಮೇಕೆ ದಾಟಿ, ಒಂದನ್ನೂ ಮುಟ್ಟದೆ, ಹುಡುಗನನ್ನು ಮಾತ್ರ ಎತ್ತಿಕೊಂಡು ಹೋಯಿತು. ಇನ್ನೊಂದು ಕಡೆ ಇಬ್ಬರು ಗೆಳೆಯರು ಕತ್ತಲ ಕೋಣೆಯಲ್ಲಿ ಕೂತು ಹುಕ್ಕಾ ಸೇದ್ತಿದ್ದರು. ಹುಕ್ಕಾ ಕೈ ಬದಲಾಗುವಾಗ ಕೆಳಗೆ ಬಿದ್ದು ಕೆಂಡ ಚೆಲ್ಲಿತು. ಕಂಬಳಿ ಸುಟ್ಟುಕೊಳ್ತೀಯ ಅಂತ ಬೈಯೋಕೆ ಬಗ್ಗಿದವನಿಗೆ ಬೆಳದಿಂಗಳು ಬಿದ್ದಿದ್ದ ಬಾಗಿಲಲ್ಲಿ ಕಂಡದ್ದು, ಗೆಳೆಯನನ್ನು ಕಚ್ಚಿಕೊಂಡು ಹೊರಗೆ ಹೋಗ್ತಿದ್ದ ಚಿರತೆ. ಒಂದು ಕೈಯಳತೆಯಲ್ಲಿ ಕೂತವನಿಗೆ ಒಂದು ಸಣ್ಣ ಸದ್ದೂ ಕೇಳಿರಲಿಲ್ಲ.

ಆ ಮನೆಯಲ್ಲಿ ಬಂದೂಕು ಇದ್ದಿದ್ರೆ ಏನಾಗ್ತಿತ್ತು? ಯಾವ ಕಡೆ ಹೊಡೀಬೇಕು, ಯಾರಿಗೆ ತಗಲುತ್ತೆ? ನಾಲ್ಕು ಸಾವಿರ ಬಂದೂಕು ಯಾಕೆ ಗೋಡೆಗೆ ನೇತಾಡ್ತಾ ಉಳಿದವು ಅನ್ನೋದಕ್ಕೆ ಈ ಕತ್ತಲೇ ಕಾರಣ ಅಂತ ನನ್ನ ಅಭಿಪ್ರಾಯ. ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲು ಹಾಕಿ ಉಸಿರು ಬಿಗಿ ಹಿಡಿದು ಕೂತುಬಿಡೋದು. ಸರ್ಕಾರ ಹಾಕದೇ ಇದ್ದ ಕರ್ಫ್ಯೂ.

ಕಾರ್ಬೆಟ್ ಬಂದು ಮೊದಲು ಮಾಡಿದ್ದು ಚಿರತೆ ನದಿ ದಾಟುವ ಜಾಗ ಹುಡುಕಿದ್ದು. ತೂಗುಸೇತುವೆಯ ಗೋಪುರದ ಮೇಲೆ ಏಣಿ ಹಾಕಿ ಹತ್ತಿ, ಏಣಿ ತೆಗೆಸಿಬಿಟ್ಟು, ಇಪ್ಪತ್ತು ರಾತ್ರಿ ಕೂತ. ಬೀಸೋ ಗಾಳಿ ಎತ್ತಿ ನದಿಗೆ ಹಾಕುವಷ್ಟು ಜೋರು, ಜೊತೆಗೆ ಇರುವೆ ಕಾಟ. ಇಪ್ಪತ್ತು ರಾತ್ರಿಯಲ್ಲಿ ಸೇತುವೆ ದಾಟಿದ ಪ್ರಾಣಿ ಒಂದೇ, ಒಂದು ನರಿ.

ಆಮೇಲೆ ಬಿಳಿ ಕಲ್ಲಿನ ಉಪಾಯ. ಇದು ನನಗೆ ತುಂಬ ಇಷ್ಟವಾದ ಭಾಗ, ಯಾಕಂದ್ರೆ ಇದು ಅಪ್ಪಟ ಸೆನ್ಸರ್. ಚಿರತೆ ಕೊಂದಿದ್ದ ಒಬ್ಬ ಹೆಂಗಸಿನ ದೇಹದ ಹತ್ತಿರ, ತನ್ನ ಕಡೆಗೆ, ಒಂದಡಿ ದೂರದಲ್ಲಿ ಬಿಳಿ ಕಲ್ಲು ಇಟ್ಟು ಮರದ ಮೇಲೆ ಕೂತ. ಕತ್ತಲಲ್ಲಿ ಚಿರತೆ ಕಾಣಲ್ಲ, ಆದ್ರೆ ಬಿಳಿ ಕಲ್ಲು ಮಸುಕಾಗಿಯಾದರೂ ಕಾಣುತ್ತೆ. ಕಲ್ಲು ಮಾಯವಾದರೆ ಮಧ್ಯೆ ಏನೋ ನಿಂತಿದೆ ಅಂತ ಅರ್ಥ. ಆ ರಾತ್ರಿ ಮಳೆ ಗಾಳಿ ಬೇರೆ. ಕಲ್ಲು ಮಾಯವಾಯಿತು, ಹೊಡೆದ. ಬೆಳಿಗ್ಗೆ ನೋಡಿದರೆ ಗುಂಡು ಚಿರತೆಯ ಕತ್ತಿನ ಕೂದಲು ಮಾತ್ರ ಕತ್ತರಿಸಿಕೊಂಡು ಹೋಗಿತ್ತು. ಸೆನ್ಸರ್ ಸರಿಯಾಗೇ ಕೆಲಸ ಮಾಡಿತು, ಆದ್ರೆ ಅದು ಕೊಟ್ಟದ್ದು ಇದೆ-ಇಲ್ಲ ಅನ್ನೋ ಒಂದು ಬಿಟ್ ಮಾಹಿತಿ ಅಷ್ಟೇ. ತಲೆ ಎಲ್ಲಿ, ಭುಜ ಎಲ್ಲಿ ಅಂತ ಹೇಳೋಕೆ ಕಲ್ಲಿಗೆ ಆಗಲ್ಲ.

ಸಯನೈಡ್ ವಿಷ ಇಟ್ಟರು, ತಿಂದು ಬದುಕಿತು. ಕಬ್ಬಿಣದ ದೊಡ್ಡ ಬೋನು ಹಾಕಿದರು, ತಪ್ಪಿಸಿಕೊಂಡಿತು.

ಒಂದು ರಾತ್ರಿ ಇಬ್ಬಟ್ಸನ್ ಮತ್ತು ಕಾರ್ಬೆಟ್ ಬೆಟ್ಟದಿಂದ ಇಳಿದು ಬರಬೇಕಾಯಿತು. ಕೈಯಲ್ಲಿ ಒಂದು ಪೆಟ್ರೋಲ್ ಲ್ಯಾಂಪು, ನಮ್ಮಲ್ಲಿ ಜಾತ್ರೆ ಅಂಗಡಿಗಳಲ್ಲಿ ಉರೀತಿದ್ದ ಗ್ಯಾಸ್‌ಲೈಟ್ ಥರದ್ದು. ಒಬ್ಬ ದೀಪ ಹಿಡಿಯೋದು, ಇನ್ನೊಬ್ಬ ರೈಫಲ್ ಹಿಡಿದು ಕಾವಲು. ಕಲ್ಲುಬಂಡೆಯ ದಾರಿಯಲ್ಲಿ ಕಾಲು ಜಾರಿ ಲ್ಯಾಂಪು ಬಂಡೆಗೆ ಬಡಿದು ಒಳಗಿನ ಮ್ಯಾಂಟಲ್ ಪುಡಿಯಾಯಿತು. ಈ ದೀಪಗಳಲ್ಲಿ ಬೆಳಗೋದು ಜ್ವಾಲೆ ಅಲ್ಲ, ಜ್ವಾಲೆಯಲ್ಲಿ ಕಾದ ಮ್ಯಾಂಟಲ್. ಅದು ಹೋದರೆ ಉಳಿಯೋದು ನೀಲಿ ಬೆಂಕಿಯ ಒಂದು ಕೊಳವೆ. ಅದರಲ್ಲಿ ಕಾಲಿಡೋ ಜಾಗ ಕಂಡರೆ ದೊಡ್ಡದು. ಅಷ್ಟೇ ಅಲ್ಲ, ದೀಪ ಕಾದು ಕಾದು ಇನ್ನು ಕೆಲವೇ ನಿಮಿಷದಲ್ಲಿ ಸಿಡಿಯುತ್ತೆ. ಕೈಯಲ್ಲಿ ಬಾಂಬು, ಹಿಂದೆ ಚಿರತೆ. ಇಬ್ಬರೂ ಎದ್ದು ಬಿದ್ದು ಓಡಿ ಒಂದು ಮನೆಯ ಬಾಗಿಲು ಬಡಿದರು. ಒಳಗಿನವರು ಉಸಿರೆತ್ತಲಿಲ್ಲ. ಆ ಊರಲ್ಲಿ ರಾತ್ರಿ ಬಾಗಿಲು ಬಡಿದರೆ ಯಾರು ತಾನೇ ತೆಗೀತಾರೆ? ಬಹಳ ಹೊತ್ತು ಗೋಗರೆದ ಮೇಲೆ ಬಾಗಿಲು ತೆರೆಯಿತು. ಬೆಳಿಗ್ಗೆ ಹೆಜ್ಜೆ ಗುರುತು ನೋಡಿದರೆ ಚಿರತೆ ನಿಜವಾಗಲೂ ಅವರ ಹಿಂದೆಯೇ ಬಂದಿತ್ತು.

ಇನ್ನು ಟಾರ್ಚಿನ ವಿಷಯಕ್ಕೆ ಬರೋಣ. ಕೈಯಲ್ಲಿ ಹಿಡಿಯುವ ಕೊಳವೆಯಾಕಾರದ ವಿದ್ಯುತ್ ಟಾರ್ಚಿಗೆ ಡೇವಿಡ್ ಮಿಸೆಲ್ ಅನ್ನೋನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1899ರಲ್ಲಿ. ಅಮೆರಿಕದವರು ಇವತ್ತಿಗೂ ಅದನ್ನು ಫ್ಲಾಶ್‌ಲೈಟ್ ಅಂತಾರಲ್ಲ, ಆ ಹೆಸರು ಬಂದದ್ದು ಹೊಗಳಿಕೆಗಲ್ಲ. ಆಗಿನ ಬ್ಯಾಟರಿಗಳು ಒಂದೇ ಸಮ ಉರೀತಿರಲಿಲ್ಲ, ಒಂದು ಸಲ ಮಿನುಗಿಸಿ ಬಿಡಬೇಕಿತ್ತು, ಅದಕ್ಕೆ. ಒಳಗಿದ್ದದ್ದು ಸತುವಿನ ಡಬ್ಬಿ, ನಡುವೆ ಕಾರ್ಬನ್ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್, ಒದ್ದೆ ಪೇಸ್ಟು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ ಲೆಕ್ಲಾಂಶೆ ಸೆಲ್. ಇದನ್ನು ಬಳಸದೆ ಸುಮ್ನೆ ಇಟ್ಟರೂ ಸತು ನಿಧಾನಕ್ಕೆ ಕರಗುತ್ತೆ, ಪೇಸ್ಟು ಒಣಗುತ್ತೆ, ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ಬಲ್ಬ್ ಹಾಕಿದ ಕ್ಷಣ ವೋಲ್ಟೇಜ್ ಕುಸಿಯುತ್ತೆ. ತಂತಿಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಪ್ರಕಾರ ಇಳಿಯುತ್ತೆ. ಅಂದ್ರೆ ವೋಲ್ಟೇಜ್ ಶೇ. 30 ಬಿದ್ದರೆ ಬೆಳಕು ಉಳಿಯೋದೇ ಶೇ. 30. ಬ್ಯಾಟರಿ ಸ್ವಲ್ಪ ವೀಕ್ ಆಗಿದೆ ಅನ್ನೋದಕ್ಕೂ ಏನೂ ಕಾಣಲ್ಲ ಅನ್ನೋದಕ್ಕೂ ಮಧ್ಯೆ ಜಾಸ್ತಿ ದೂರ ಇಲ್ಲ.

1926ರಲ್ಲಿ ಆ ಬೆಟ್ಟಗಳಲ್ಲಿ ಟಾರ್ಚು ಅಪರೂಪದ ವಸ್ತು. ಕಾರ್ಬೆಟ್ ಹತ್ತಿರ ಇದ್ದದ್ದು ಒಂದೇ. ತಿಂಗಳುಗಟ್ಟಲೆ ಹೊತ್ತು ತಿರುಗಿದ್ದ, ಒಂದು ಸಲವೂ ಬಳಸೋ ಸಂದರ್ಭ ಬಂದಿರಲಿಲ್ಲ. ಬ್ಯಾಟರಿಗೆ ಆಯಸ್ಸು ಅಂತ ಒಂದಿದೆ, ಆಗಾಗ ಒತ್ತಿ ನೋಡಬೇಕು ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಇದನ್ನು ಅವನೇ ಬರೆದಿದ್ದಾನೆ, ಮುಚ್ಚಿಡದೆ. ಪುಸ್ತಕ ಬಂದದ್ದು 1948ರಲ್ಲಿ, ಅವನು ಜಗತ್ಪ್ರಸಿದ್ಧ ಆದ ಮೇಲೆ. ಬೇಕಿದ್ದರೆ ಆ ಒಂದು ವಾಕ್ಯ ಬಿಡಬಹುದಿತ್ತು.

ರುದ್ರಪ್ರಯಾಗದ ಹತ್ತಿರ ಗೋಲಾಬ್‌ರಾಯ್ ಅನ್ನೋ ಚಟ್ಟಿ. ಅಲ್ಲಿನ ಪಂಡಿತನ ಕತ್ತಿನ ಮೇಲೆ ಇದೇ ಚಿರತೆಯ ಹಲ್ಲು-ಉಗುರಿನ ಗಾಯದ ಗುರುತಿತ್ತು, ಸಾವು ಕೂದಲೆಳೆಯಲ್ಲಿ ತಪ್ಪಿತ್ತು. ಯಾತ್ರೆಯ ಕಾಲ, ಚಟ್ಟಿಯಲ್ಲಿ 150ರಷ್ಟು ಯಾತ್ರಿಕರು ಮಲಗಿದ್ದರು. ದಾರಿ ಪಕ್ಕದ ಮಾವಿನ ಮರದ ಮೇಲೆ ಹತ್ತು ರಾತ್ರಿ ಕೂರ್ತೀನಿ, ಆಮೇಲೆ ಹೊರಟುಬಿಡ್ತೀನಿ ಅಂತ ಕಾರ್ಬೆಟ್ ತೀರ್ಮಾನ ಮಾಡಿದ್ದ. ಹತ್ತೂ ರಾತ್ರಿ ಖಾಲಿ ಹೋದವು. ಹನ್ನೊಂದನೆಯದು, ಇನ್ನೊಂದೇ ಒಂದು ಅಂತ ಕೂತದ್ದು. ಅವನಿಗೆ ಆಗ ಐವತ್ತು ವರ್ಷ.

ಮರದ ಕೆಳಗೆ ಒಂದು ಮೇಕೆ, ಕತ್ತಿಗೆ ಗಂಟೆ. ಟಾರ್ಚನ್ನು ರೈಫಲ್‌ಗೇ ಕಟ್ಟಿದ್ದ. ಕೊಂಬೆಯ ಕವಲಿನಲ್ಲಿ ಮೈಚಾಚಿ, ರೈಫಲ್‌ನ ಹಿಡಿ ಭುಜಕ್ಕಿಟ್ಟು, ಮೇಕೆ ಇರೋ ಕಡೆಗೆ ಮೊದಲೇ ಗುರಿ ಇಟ್ಟು ಮಲಗಿದ್ದ. ಕಗ್ಗತ್ತಲು. ಆಚೆ ಎಲ್ಲೋ ನಾಯಿ ಬೊಗಳಿತು. ಆಮೇಲೆ ದಾರಿ ಮೇಲೆ ಏನೋ ರಭಸದಿಂದ ಬಂದ ಸದ್ದು, ಗಂಟೆ ಜೋರಾಗಿ ಕಿಣಿ ಅಂದಿತು. ಗುಂಡಿ ಒತ್ತಿದ. ಟಾರ್ಚು ಮಂಕಾಗಿ ಒಂದೇ ಒಂದು ಸಲ ಬೆಳಗಿತು. ಆ ಬೆಳಕಿನಲ್ಲಿ ರೈಫಲ್‌ನ ಮುಂದಿನ ಗುರಿಮೊನೆ ಚಿರತೆಯ ಭುಜದ ಮೇಲೇ ಇತ್ತು, ಒಂದು ಕೂದಲಷ್ಟೂ ಸರಿಸಬೇಕಾಗಿರಲಿಲ್ಲ. ಕುದುರೆ ಎಳೆದ. ಅದೇ ಕ್ಷಣ ಟಾರ್ಚು ಆರಿಹೋಯಿತು, ಮತ್ತೆ ಹತ್ತಲೇ ಇಲ್ಲ.

ಈಗ ಅವನು ಮೊದಲಿಗಿಂತ ಹೆಚ್ಚು ಕುರುಡ. ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ಒಂದು ಫ್ಲಾಶ್ ಅದನ್ನೆಲ್ಲ ಅಳಿಸಿಬಿಡುತ್ತೆ. ಟಾರ್ಚಿನ ಮಿಂಚಿನ ಜೊತೆ ನಳಿಗೆಯ ಬೆಂಕಿ ಬೇರೆ. ಗುಂಡು ತಗಲಿತೋ ಇಲ್ಲವೋ ಗೊತ್ತಿಲ್ಲ. ಸದ್ದು ಕೇಳಿ ಚಟ್ಟಿಯ ಪಂಡಿತ ಬಾಗಿಲು ತೆಗೆದು ಸಹಾಯ ಬೇಕಾ ಅಂತ ಕೂಗಿದ. ಚಿರತೆಯ ಸದ್ದಿಗಾಗಿ ಕಿವಿಗೊಟ್ಟಿದ್ದ ಕಾರ್ಬೆಟ್ ಉತ್ತರ ಕೊಡಲಿಲ್ಲ. ಪಂಡಿತ ಗಡಬಡಿಸಿ ಬಾಗಿಲು ಹಾಕಿಕೊಂಡ. ಆ 150 ಜನರ ಪೈಕಿ ಒಬ್ಬರೂ ಹೊರಗೆ ಬರದೇ ಇದ್ದದ್ದು ಒಳ್ಳೆಯದೇ ಆಯಿತು.

ಬೆಳಗಾಗುವ ಹೊತ್ತಿಗೆ ಕೆಳಗಿಳಿದ. ಮೇಕೆ ಆರಾಮಾಗಿ ಮ್ಯಾ ಅಂತ ಮಾತಾಡಿಸಿತು. ರಕ್ತದ ಜಾಡು ಹಿಡಿದು ಇಳಿಜಾರಿನಲ್ಲಿ ಐವತ್ತು ಗಜ ಹೋದ. ಒಂದು ಗುಂಡಿಯ ಅಂಚಿಗೆ ಗದ್ದ ಊರಿ ಚಿರತೆ ಸತ್ತು ಬಿದ್ದಿತ್ತು. ಮುದಿ ಗಂಡು ಚಿರತೆ. ಮೂತಿ ನೆರೆತಿತ್ತು, ಹಲ್ಲು ಸವೆದಿತ್ತು, ಮೀಸೆಯ ಕೂದಲೇ ಇರಲಿಲ್ಲ. ಎಂಟು ವರ್ಷ ಜನ ಅದನ್ನು ದೆವ್ವ ಅಂದಿದ್ದರು. ಅವನ ಎದುರು ಬಿದ್ದಿದ್ದದ್ದು ವಯಸ್ಸಾದ ಒಂದು ಪ್ರಾಣಿ, ಅಷ್ಟೇ. ರುದ್ರಪ್ರಯಾಗದ ಬಜಾರಿಗೆ ಜನ ಸಾವಿರಗಟ್ಟಲೆ ಬಂದು ಕಾರ್ಬೆಟ್‌ನ ಕಾಲಿಗೆ ಹೂವು ಹಾಕಿದರು. 1926ರ ಮೇ ತಿಂಗಳ ಮೊದಲ ವಾರ ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಂದೂಕಿಗೆ ದೀಪ ಕಟ್ಟೋದು ಇವತ್ತು ದೊಡ್ಡ ವ್ಯಾಪಾರ. ಅಮೆರಿಕದಲ್ಲಿ ಮನೆ ಕಾವಲಿಗೆ ಅಂತ ಪಿಸ್ತೂಲು ಇಟ್ಟುಕೊಳ್ಳೋರು ನಳಿಗೆಯ ಕೆಳಗೆ ಹೆಬ್ಬೆರಳುದ್ದದ ಎಲ್‌ಇಡಿ ಟಾರ್ಚು ಸಿಕ್ಕಿಸ್ತಾರೆ. ಎರಡೂ ಕೈ ಬಂದೂಕಿನ ಮೇಲೆ ಇರುತ್ತೆ, ಬೆಳಕು ಬಿದ್ದಲ್ಲೇ ಗುರಿ ಇರುತ್ತೆ, ಪನಾರ್‌ನಲ್ಲಿ ಆದ ಹಾಗೆ ಬೆಳಕು ಹಿಡಿದವನು ಓಡಿಹೋಗೋ ಪ್ರಶ್ನೆ ಇಲ್ಲ. ಆದ್ರೆ ಇದರಲ್ಲೇ ಒಂದು ಭಯಂಕರ ದೋಷ ಇದೆ. ಬೆಳಕು ಬಂದೂಕಿಗೆ ಅಂಟಿಕೊಂಡಿದ್ದರೆ, ಏನನ್ನೇ ನೋಡಬೇಕಾದರೂ ಅದರ ಮೇಲೆ ಬಂದೂಕು ತಿರುಗಿಸಬೇಕು. ರಾತ್ರಿ ಅಡುಗೆಮನೆಯಲ್ಲಿ ಸದ್ದು ಮಾಡಿದ್ದು ಕಳ್ಳನೋ, ನೀರು ಕುಡಿಯೋಕೆ ಎದ್ದ ಮಗನೋ ಅಂತ ಗೊತ್ತಾಗೋ ಮೊದಲೇ ನಳಿಗೆ ಅವನ ಎದೆಗೆ ನೆಟ್ಟಿರುತ್ತೆ. ಅದಕ್ಕೇ ಹುಡುಕೋಕೆ, ಗುರುತು ಹಿಡಿಯೋಕೆ ಕೈಯಲ್ಲಿ ಬೇರೆಯೇ ಟಾರ್ಚು ಇರಬೇಕು ಅಂತ ಅಲ್ಲಿ ತರಬೇತಿ ಕೊಡುವವರು ಹೇಳೋದು. ಕಾರ್ಬೆಟ್ ಆ ರಾತ್ರಿ ಟಾರ್ಚಿನಿಂದ ಏನನ್ನೂ ಹುಡುಕಲಿಲ್ಲ. ಗುರಿ ಇದ್ದದ್ದು ಮೇಕೆ ಕಟ್ಟಿದ ಜಾಗಕ್ಕೆ, ಯಾತ್ರಿಕರೆಲ್ಲ ಒಳಗಿದ್ದರು, ಬಂದಿದೆ ಅಂತ ಗಂಟೆ ಹೇಳಿತ್ತು. ಬೆಳಕಿಗೆ ಉಳಿದಿದ್ದ ಕೆಲಸ ಅರ್ಧ ಸೆಕೆಂಡಿನದು. ಸಾಯ್ತಾ ಇದ್ದ ಬ್ಯಾಟರಿ ಅಷ್ಟನ್ನು ಮಾಡಿತು.

ನಮ್ಮ ಬೆಂಗಳೂರಿನಲ್ಲೇ ಇದ್ದ ಕೆನೆತ್ ಆಂಡರ್ಸನ್ ಕೂಡ ಮುಂದೆ ತನ್ನ .405 ವಿಂಚೆಸ್ಟರ್‌ಗೆ ಟಾರ್ಚು ಕಟ್ಟಿಕೊಂಡೇ ರಾತ್ರಿ ಕೂರ್ತಿದ್ದ. ತೇಜಸ್ವಿಯವರ ‘ಕಾಡಿನ ಕಥೆಗಳು’ ಅವನದೇ. ಅದನ್ನು ಇನ್ನೊಂದು ಸಂಚಿಕೆಗೆ ಇಡೋಣ.

ಅದೇ ವರ್ಷಗಳಲ್ಲಿ ಸಂಯುಕ್ತ ಪ್ರಾಂತದ ಫಾರೆಸ್ಟ್ ಆಫೀಸರ್ ಎಫ್. ಡಬ್ಲ್ಯು. ಚಾಂಪಿಯನ್ ಕತ್ತಲಲ್ಲಿ ಬೇರೆ ಥರದ ಬೆಳಕು ಕಟ್ಟುತ್ತಿದ್ದ. ಕಾಡುದಾರಿಗೆ ಅಡ್ಡ ಒಂದು ತಂತಿ, ಹುಲಿ ಕಾಲು ತಗಲಿಸಿದರೆ ಫ್ಲಾಶ್ ಹೊತ್ತಿ ಕ್ಯಾಮೆರಾ ಫೋಟೋ ತೆಗೆಯುತ್ತೆ. ಇವತ್ತು ಬಂಡೀಪುರ, ನಾಗರಹೊಳೆಯಲ್ಲಿ ಹುಲಿ ಎಣಿಸೋಕೆ ಇಡೋ ಕ್ಯಾಮೆರಾ ಟ್ರ್ಯಾಪ್‌ಗಳ ಅಜ್ಜ ಅದು. ಅವನ ಫೋಟೋಗಳು ಕಾರ್ಬೆಟ್‌ನ ಮನಸ್ಸು ತಿರುಗಿಸಿದವು. ಕಾರ್ಬೆಟ್ 16 ಎಂಎಂ ಸಿನಿಮಾ ಕ್ಯಾಮೆರಾ ತಗೊಂಡ. ಅದು ಓಡುವಾಗ ಆಗೋ ಸದ್ದಿಗೆ ಹುಲಿ ಓಡಿಹೋಗ್ತಿತ್ತು. ಪರಿಹಾರ ನೋಡಿ, ಒಂದು ತೊರೆಗೆ ಸಣ್ಣ ಅಣೆ ಕಟ್ಟಿ ನೀರು ಧುಮುಕೋ ಹಾಗೆ ಮಾಡಿದ. ಆ ಸದ್ದಿನಲ್ಲಿ ಕ್ಯಾಮೆರಾದ ಸದ್ದು ಮುಳುಗಿಹೋಯಿತು. ಹಗಲು ಬೆಳಕಿನಲ್ಲಿ ಏಳು ಹುಲಿಗಳನ್ನು ಚಿತ್ರೀಕರಿಸಿದ.

ಬಂದೂಕು ಪೂರ್ತಿ ಬಿಟ್ಟ ಅಂತಲ್ಲ, 1938ರಲ್ಲಿ ಠಾಕ್‌ನ ನರಭಕ್ಷಕ ಹುಲಿಯನ್ನು ಹೊಡೆದ. ಅದೇ ಕೊನೆಯದು. ಅದಕ್ಕೆ ಎರಡು ವರ್ಷ ಮೊದಲು, 1936ರಲ್ಲಿ, ಹೇಲಿ ನ್ಯಾಷನಲ್ ಪಾರ್ಕ್ ಆಗಿತ್ತು, ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಅದರ ಹಿಂದೆ ಅವನ ಓಡಾಟ ಇತ್ತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಡಿನಲ್ಲಿ ಬದುಕೋದು ಹೇಗೆ ಅಂತ ಕಲಿಸಿದ. 1944ರಲ್ಲಿ ಮೊದಲ ಪ್ರಸಿದ್ಧ ಪುಸ್ತಕ, ಕುಮಾವ್‌ನ ನರಭಕ್ಷಕರದ್ದು.

1947ರ ಕೊನೆಗೆ ಅಕ್ಕ ಮ್ಯಾಗಿ ಜೊತೆ ಭಾರತ ಬಿಟ್ಟ. ಇಲ್ಲೇ ಹುಟ್ಟಿ ಎಪ್ಪತ್ತೆರಡು ವರ್ಷ ಇಲ್ಲೇ ಬದುಕಿದವನು ಯಾಕೆ ಹೋದ ಅನ್ನೋದು ನನಗೆ ಇವತ್ತಿಗೂ ಸ್ವಲ್ಪ ಬೇಜಾರಿನ ವಿಷಯ. ಕೆನ್ಯಾದ ನ್ಯೇರಿಯಲ್ಲಿ ಒಂದು ಸಣ್ಣ ಮನೆ, ಹಿಂದೆ ಸ್ಕೌಟ್ ಚಳವಳಿಯ ಬೇಡನ್-ಪೊವೆಲ್ ಇದ್ದ ಮನೆಯೇ. 1955ರ ಏಪ್ರಿಲ್ 19ರಂದು ಅಲ್ಲೇ ತೀರಿಕೊಂಡ, ಅಲ್ಲಿನ ಚರ್ಚಿನ ಅಂಗಳದಲ್ಲೇ ಸಮಾಧಿ ಇದೆ. ಎರಡು ವರ್ಷದ ಮೇಲೆ, 1957ರಲ್ಲಿ, ಹೇಲಿ ಪಾರ್ಕಿಗೆ ಅವನ ಹೆಸರಿಟ್ಟರು. ಕಾಲಾಢುಂಗಿಯ ಮನೆ ಈಗ ಮ್ಯೂಸಿಯಂ. ಗೋಲಾಬ್‌ರಾಯ್‌ನಲ್ಲಿ ಚಿರತೆ ಸತ್ತ ಜಾಗಕ್ಕೂ ಒಂದು ಸ್ಮಾರಕ ಇದೆ, ಬದರಿಗೆ ಹೋಗೋ ರಸ್ತೆ ಪಕ್ಕದಲ್ಲೇ.